ಪುಡಿ ಅಯ್ಯನ ಜಗುಲಿಯ ಮೇಲೆ

ಕಾಯಿಲೆಯಿಂದ ಎದ್ದು ಬಂದವರು ಬರೆದದ್ದನ್ನು ನಾನು ಸಾಕಷ್ಟು ಓದಿದ್ದೇನೆ. ಕೊನೆಯ ಪುಟಕ್ಕೆ ಬರುವ ಹೊತ್ತಿಗೆ ಎಲ್ಲರೂ ಎಲ್ಲರನ್ನೂ ಕ್ಷಮಿಸಿಬಿಟ್ಟಿರುತ್ತಾರೆ. ನಾನು ಕ್ಷಮಿಸಿಲ್ಲ. ಅದನ್ನು ಮೊದಲೇ ಹೇಳಿಬಿಟ್ಟರೆ ಓದುವವರಿಗೂ ನನಗೂ ಸಲೀಸು.

ಆಗ ನಾನು ಹಲಸೂರಿನ ಒಂದು ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದೆ. ಮಕ್ಕಳಿಗೆ ಸರೋಜಾ ಮಿಸ್. ಮನೆ ತಿಪ್ಪಸಂದ್ರದಲ್ಲಿ, ನಮ್ಮ ಮಾವನವರು ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ ಕಟ್ಟಿದ್ದು. ನಮ್ಮ ಯಜಮಾನರು ವಿಮಾನದ ಕಾರ್ಖಾನೆಯಲ್ಲಿ ಫಿಟ್ಟರ್. ಮನೆ ನಡೆಯುತ್ತಿದ್ದದ್ದು ಅತ್ತೆ ಮುನಿಯಮ್ಮನ ಮಾತಿನ ಮೇಲೆ. ವರ್ಷಗಟ್ಟಲೆ ಸೀಮೆಸುಣ್ಣದ ಧೂಳು ಕುಡಿದದ್ದಕ್ಕೋ ಏನೋ, ತೊಂಬತ್ತರ ದಶಕದ ನಡುವೆ ನನಗೆ ಉಬ್ಬಸ ಹಿಡಿಯಿತು. ಮೂರನೇ ಕ್ಲಾಸಿನ ಮಕ್ಕಳಿಗೆ ಒಂದು ಪದ್ಯ ಪೂರ್ತಿ ಹೇಳಿಕೊಡಲು ಆಗುತ್ತಿರಲಿಲ್ಲ. ಅರ್ಧಕ್ಕೆ ನಿಲ್ಲಿಸಿ ಮೇಜು ಹಿಡಿದುಕೊಳ್ಳುತ್ತಿದ್ದೆ. ಮಿಕ್ಕರ್ಧ ಮಕ್ಕಳೇ ಊಹೆಯ ಮೇಲೆ ಹೇಳಿ ಮುಗಿಸುತ್ತಿದ್ದವು.

ಅತ್ತೆ ಒಂದು ಶನಿವಾರ ನನ್ನನ್ನು ಕೋಡಿಹಳ್ಳಿಯ ಹಳೆಯ ಬೀದಿಗೆ ಕರೆದುಕೊಂಡು ಹೋದರು. ಅಲ್ಲಿ ಪುಡಿ ಅಯ್ಯ ಎಂದು ಹೆಸರಾದ ಒಬ್ಬ ವೈದ್ಯನಿದ್ದ. ಕೆಂಪು ಗಾರೆಯ ಉದ್ದನೆಯ ಜಗುಲಿ, ಅದರ ತುಂಬ ಕಾಯುವವರು. ಅಯ್ಯ ಒಳಗೆ ಮಣೆಯ ಮೇಲೆ ಕೂತು ನಾಡಿ ಹಿಡಿಯುತ್ತಿದ್ದ. ಅವನ ಹೆಂಡತಿ ಪಾರ್ವತಮ್ಮ ಬಾಗಿಲ ಪಕ್ಕದಲ್ಲಿ ಕೂತು ಹಳೆಯ ಪೇಪರಿನ ಚೂರುಗಳಲ್ಲಿ ಬಿಳಿಯ ಪುಡಿಯನ್ನು ಪೊಟ್ಟಣ ಕಟ್ಟುತ್ತಿದ್ದಳು. ಎಂಥ ಚುರುಕು ಬೆರಳು ಎಂದರೆ, ಪೊಟ್ಟಣ ಕಟ್ಟುವಾಗ ಕೈಯನ್ನು ನೋಡಿಕೊಳ್ಳುತ್ತಲೇ ಇರಲಿಲ್ಲ, ನಮ್ಮನ್ನು ನೋಡಿ ಗದರುತ್ತಿದ್ದಳು.

"ಬದ್ನೇಕಾಯಿ, ಮೊಸ್ರು, ಕುಂಬ್ಳಕಾಯಿ ಕೂಡ್ದು. ಸೂತಕದ ಮನೇಲಿ ಪುಡಿ ಮುಟ್ಲೇಬಾರ್ದು. ಡಬ್ಬೀನ ಪಕ್ಕದ್ಮನೇಲಿ ಇಟ್ಬಿಡ್ಬೇಕು, ಹನ್ನೊಂದು ದಿನ ಕಳೆದ್ಮೇಲೆ ತರ್ಬೇಕು. ಸೂತಕದಲ್ಲಿ ತಗೊಂಡ್ರೆ ಪುಡಿ ವಿಷ ಆಗುತ್ತೆ. ಆಮೇಲೆ ಬಂದು ನಮ್ಮನ್ನ ಕೇಳ್ಬೇಡಿ."

ಪುಡಿ ತೆಗೆದುಕೊಂಡ ಮೂರನೆಯ ದಿನ ನಾನು ಶಾಲೆಯ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿದೆ. ಖುಷಿಯಿಂದ ಕಣ್ಣಲ್ಲಿ ನೀರು ಬಂತು. ಅತ್ತೆಯ ಮಂಡಿನೋವಿಗೂ ಅದೇ ಡಬ್ಬಿಯಿಂದ ಅದೇ ಪುಡಿ. ಅವರು ನೋವು ಬಂದಾಗ ಒಂದು ಪೊಟ್ಟಣ ತೆಗೆದುಕೊಳ್ಳುತ್ತಿದ್ದರು, ನಾನು ದಿನಕ್ಕೆ ಎರಡು. ಒಬ್ಬಳಿಗೆ ಉಸಿರು, ಇನ್ನೊಬ್ಬಳಿಗೆ ಮಂಡಿ, ಎರಡಕ್ಕೂ ಒಂದೇ ಮದ್ದು ಹೇಗೆ ಎಂದು ಮಕ್ಕಳಿಗೆ ವಿಜ್ಞಾನ ಹೇಳುವ ನನಗೆ ಒಮ್ಮೆಯೂ ಅನ್ನಿಸಲಿಲ್ಲ. ಗುಣವಾಗುತ್ತಿರುವಾಗ ಯಾರೂ ಪ್ರಶ್ನೆ ಕೇಳುವುದಿಲ್ಲ.

ಎರಡು ವರ್ಷ ಹೀಗೇ ನಡೆಯಿತು. ಮುಖ ಉಬ್ಬಿ ಗುಂಡಗಾಯಿತು. ಕತ್ತಿನ ಹಿಂದೆ ಮಾಂಸ ಸೇರಿಕೊಂಡಿತು. ನಮ್ಮ ನೆಂಟರಿಗೆಲ್ಲ ಬಹಳ ಸಂತೋಷ. "ಈಗ ನೋಡು, ಮೈ ಕೈ ತುಂಬ್ಕೊಂಡು ಲಕ್ಷಣವಾಗಿದೀಯ," ಎನ್ನುತ್ತಿದ್ದರು. ಅತ್ತೆಗಂತೂ ಹೆಮ್ಮೆ, "ನಮ್ಮನೆ ಮುದ್ದೆ" ಎಂದು ಎಲ್ಲರಿಗೂ ಹೇಳಿಕೊಂಡು ಬಂದರು. ಕೈಕಾಲು ಮಾತ್ರ ಸಣ್ಣಗಾಗುತ್ತಿದ್ದವು. ಸೀರೆಯೊಳಗೆ ಅದು ಯಾರಿಗೂ ಕಾಣುತ್ತಿರಲಿಲ್ಲ. ಬಾಗಿಲ ಚಿಲಕ ತಾಗಿದರೂ ಚರ್ಮ ನೀಲಿಗಟ್ಟುತ್ತಿತ್ತು. ನೆಲದಿಂದ ಏಳಬೇಕಾದರೆ ಗೋಡೆಯೋ ಕ್ಲಾಸಿನ ಯಾವುದಾದರೂ ಮಗುವಿನ ಹೆಗಲೋ ಬೇಕಾಗುತ್ತಿತ್ತು. ವಯಸ್ಸಾಯಿತು ಅಂದುಕೊಂಡೆ. ಆಗ ನನಗೆ ಮೂವತ್ತೆಂಟು.

ಆಮೇಲೆ ಮಾವನವರ ಅಣ್ಣ ತೀರಿಕೊಂಡರು. ದಾಯಾದಿಗಳಾದ ನಮಗೆ ಹನ್ನೊಂದು ದಿನದ ಸೂತಕ. ಸುದ್ದಿ ಬಂದ ಅರ್ಧ ಗಂಟೆಯಲ್ಲಿ ಅತ್ತೆ ಮಾಡಿದ ಮೊದಲ ಕೆಲಸವೆಂದರೆ ಪುಡಿಯ ಡಬ್ಬಿಯನ್ನು ಪಕ್ಕದ ಮನೆಗೆ ಕೊಟ್ಟು ಬಂದದ್ದು. ನಾನೂ ತಲೆಯಾಡಿಸಿದೆ. ಎರಡನೆಯ ದಿನ ಮೈ ಭಾರ. ಮೂರನೆಯ ದಿನ ಊಟ ಸೇರಲಿಲ್ಲ, ಕೀಲು ಕೀಲೂ ನೋವು. ಐದನೆಯ ದಿನ ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ವಾಂತಿ ಮಾಡಿಕೊಂಡು ಬಿದ್ದೆ. ಕಣ್ಣಿಗೆ ಕತ್ತಲೆ, ಕೈಕಾಲು ತಣ್ಣಗೆ. ಅತ್ತೆ ದೃಷ್ಟಿ ತೆಗೆಯಲು ಮೆಣಸಿನಕಾಯಿ ಹುಡುಕುತ್ತಿದ್ದದ್ದು ಮಾತ್ರ ನೆನಪಿದೆ.

ನಮ್ಮ ಯಜಮಾನರು ಆಟೋದಲ್ಲಿ ಹಾಕಿಕೊಂಡು ಶಿವಾಜಿನಗರದ ಕಡೆಯ ದೊಡ್ಡಾಸ್ಪತ್ರೆಗೆ ಸೇರಿಸಿದರು. ಅಲ್ಲಿಂದ ನೇರ ಕೋಡಿಹಳ್ಳಿಗೆ ಹೋಗಿ ಅಯ್ಯನನ್ನು ಕೇಳಿದರಂತೆ, ಹೀಗೇಕಾಯಿತು ಅಂತ. ಅಯ್ಯ ಬಾಯಿ ಬಿಡುವ ಮೊದಲೇ ಪಾರ್ವತಮ್ಮ ಹೇಳಿದ್ದಳು: "ಪಥ್ಯ ಮುರ್ದಿರ್ತಾಳೆ. ಬದ್ನೇಕಾಯಿ ತಿಂದಿರ್ತಾಳೆ, ಕೇಳಿ ನೋಡಿ."

ತಿಂದಿದ್ದೆ. ಸೂತಕದ ಮನೆಗೆ ನೆಂಟರು ತಂದುಕೊಟ್ಟ ಹುಳಿಯಲ್ಲಿ ಬದನೆಕಾಯಿ ಇತ್ತು. ಅತ್ತೆ ಅದನ್ನು ಕಣ್ಣಾರೆ ನೋಡಿದ್ದರು. ಅಲ್ಲಿಗೆ ಕೇಸು ಮುಗಿಯಿತು. ವಾರ್ಡಿಗೆ ನೋಡಲು ಬಂದ ಪ್ರತಿಯೊಬ್ಬರೂ ಕಿತ್ತಳೆ ಹಣ್ಣು ಕೈಗಿಟ್ಟು, ಪಕ್ಕದಲ್ಲಿ ಕೂತು, ದನಿ ತಗ್ಗಿಸಿ ಒಂದೇ ಮಾತು ಕೇಳಿದರು: "ಬದ್ನೇಕಾಯಿ ತಿಂದ್ಯಂತೆ?" ಸಾಯಲು ಬಿದ್ದವಳಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕಿಲ್ಲ. ಆ ವಾರ ಆ ಪ್ರಶ್ನೆ ಕೇಳಿದವರ ಹೆಸರೆಲ್ಲ ನನಗೆ ಇವತ್ತಿಗೂ ನೆನಪಿದೆ.

ನನ್ನನ್ನು ನೋಡಿದ ಡಾಕ್ಟರು ಐವತ್ತು ದಾಟಿದ ಹೆಂಗಸು. ಗಂಟಲು ಒಡೆದ ದನಿ, ಸೊಂಟಕ್ಕೆ ಸಿಕ್ಕಿಸಿದ ಕರ್ಚೀಫು. ಬಂದವರೇ ನನ್ನ ಗುಂಡು ಮುಖ ನೋಡಿದರು, ತೋಳಿನ ನೀಲಿ ಕಲೆ ನೋಡಿದರು.

"ಯಾವ ಪುಡಿ ತಗೋತಿದ್ರಿ?"

"ಯಾವ್ದೂ ಇಲ್ಲ ಡಾಕ್ಟ್ರೇ," ಎಂದೆ. ಹೆಸರು ಹೇಳಿದರೆ ಅಯ್ಯನಿಗೆ ತೊಂದರೆಯಾದೀತು ಎಂಬ ನಿಯತ್ತು ನನಗೆ. ಆ ನಿಯತ್ತನ್ನು ನೆನೆಸಿಕೊಂಡರೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಅವರು ನನ್ನನ್ನು ಗಾಲಿಕುರ್ಚಿಯಲ್ಲಿ ತಮ್ಮ ರೂಮಿಗೆ ಕರೆಸಿಕೊಂಡು ಮೇಜಿನ ಡ್ರಾಯರ್ ಎಳೆದರು. ಅದರ ತುಂಬ ಪೊಟ್ಟಣಗಳು. ಬಿಳಿ ಪುಡಿ, ಬೂದು ಪುಡಿ, ಉಂಡೆ, ಲೇಹ್ಯದ ಡಬ್ಬಿ. "ನಿಮ್ದು ಯಾವ್ದು, ಕೆ.ಆರ್. ಪುರದ್ದಾ, ಕೋಡಿಹಳ್ಳೀದಾ?" ಎಂದು ಅಂಗಡಿಯವರ ಹಾಗೆ ಕೇಳಿದರು. ನಾನು ಪೇಪರಿನ ಮಡಿಕೆ ನೋಡಿ ಗುರುತು ಹಿಡಿದೆ. ಪಾರ್ವತಮ್ಮನ ಕೈ ಅದು. ಸುಳ್ಳು ಹೇಳಲು ಮತ್ತೆ ಆಗಲಿಲ್ಲ. ಉಬ್ಬಸ, ಅತ್ತೆಯ ಮಂಡಿ, ಸೂತಕ, ಎಲ್ಲ ಹೇಳಿಬಿಟ್ಟೆ.

"ಇದ್ರಲ್ಲಿರೋದು ಸ್ಟೀರಾಯ್ಡು. ಬೇರು ನಾರು ಏನೂ ಇಲ್ಲ. ನೋಡಿ ಮಿಸ್, ಅದು ಒಂದು ಥರದ ಹಾರ್ಮೋನು, ಅಂಥದ್ದು ನಿಮ್ಮ ಮೈಯಲ್ಲೇ ಆಗುತ್ತೆ. ಎರಡು ಮೂತ್ರಪಿಂಡದ ಮೇಲೆ ಒಂದೊಂದು ಪುಟ್ಟ ಗ್ರಂಥಿ, ಟೋಪಿ ಇಟ್ಟ ಹಾಗೆ ಕೂತಿರುತ್ತೆ. ತಲೆಯೊಳ್ಗಿರೋ ಇನ್ನೊಂದು ಗ್ರಂಥಿ ಮಾಡು ಅಂದ್ರೆ ಅವು ಮಾಡ್ತವೆ. ಮಾಡಿದ್ದು ರಕ್ತದಲ್ಲಿ ಊರೆಲ್ಲಾ ಸುತ್ತುತ್ತೆ. ಹೆಚ್ಚುಕಮ್ಮಿ ಮೈಯ ಪ್ರತಿ ಕಣಕ್ಕೂ ಅದರ ಮಾತು ಕೇಳೋ ಕಿವಿ ಇದೆ. ಅದಕ್ಕೇ ಒಂದೇ ಪುಡಿ ನಿಮ್ಮ ಉಸ್ರಿಗೂ ಕೇಳ್ತು, ನಿಮ್ಮತ್ತೆ ಮಂಡಿಗೂ ಕೇಳ್ತು, ನಿಮ್ಮ ಮುಖ ಚರ್ಮ ಮೂಳೆ ಎಲ್ಲಾದನ್ನೂ ಕೆಡಿಸ್ತು."

"ಮತ್ತೆ ಬಿಟ್ಟ ತಕ್ಷಣ ಯಾಕೆ ಬಿದ್ದೆ?"

"ದಿನಾ ಹೋಟ್ಲಿಂದ ಊಟ ಬಂದ್ರೆ ಮನೇಲಿ ಅಡುಗೆಯವಳು ಏನ್ಮಾಡ್ತಾಳೆ? ಮಲಗ್ತಾಳೆ. ಎರಡು ವರ್ಷ ಮಲಗಿದ್ದಾಳೆ. ಹೋಟ್ಲು ಒಂದಿನ ಬಾಗ್ಲು ಹಾಕ್ತು, ಮನೇಲಿ ಒಲೆ ಹಚ್ಚೋರೇ ಇಲ್ಲ. ಅವಳನ್ನ ಮೆಲ್ಲಗೆ ಎಬ್ಬಿಸ್ಬೇಕು. ನಾನು ಮಾತ್ರೆ ಕೊಡ್ತೀನಿ, ಸ್ವಲ್ಪ ಸ್ವಲ್ಪ ಇಳಿಸ್ತಾ ಹೋಗೋಣ. ವರ್ಷವೂ ಆಗ್ಬೋದು. ಯಾವ ಕಾರಣಕ್ಕೂ ಥಟ್ಟನೆ ನಿಲ್ಲಿಸ್ಬೇಡಿ. ಹಬ್ಬ ಇರ್ಲಿ, ಸೂತಕ ಇರ್ಲಿ."

ಬದನೆಕಾಯಿ ತಿನ್ನಬಹುದಾ ಎಂದು ಕೇಳಿದೆ. ಅವರು ನಕ್ಕರು. ಎರಡು ವರ್ಷದಲ್ಲಿ ನಾನು ಪಡೆದ ಮೊದಲ ಕರುಣೆ ಆ ನಗು.

ಮನೆಗೆ ಬಂದ ಮೇಲೆ ನಾನು ಮಾಡಿದ್ದು ಸಿಟ್ಟು, ಬೇರೇನೂ ಅಲ್ಲ. ಬೆಳಿಗ್ಗೆ ಮಾತ್ರೆ ನುಂಗುವಾಗ ಅಯ್ಯನಿಗೆ ಶಾಪ ಹಾಕಿ ನುಂಗುತ್ತಿದ್ದೆ. ಬೆನ್ನಿನ ಒಂದು ಮೂಳೆ ಕುಸಿದಿದೆ ಎಂದು ಎಕ್ಸ್‌ರೇ ಹೇಳಿತು. ಆ ದಿನ ಎರಡು ಸಲ ಶಾಪ ಹಾಕಿದೆ. ಔಷಧ ನಿಯಂತ್ರಣದ ಕಚೇರಿಗೆ ದೂರು ಬರೆದುಕೊಟ್ಟೆ, ಪೊಟ್ಟಣವನ್ನೂ ಲಗತ್ತಿಸಿದೆ. ಉತ್ತರ ಬರಲಿಲ್ಲ. ನಮ್ಮ ಯಜಮಾನರು "ಬಿಟ್ಟಾಕು ಸರೋಜಾ, ಉಳ್ಕೊಂಡ್ಯಲ್ಲ, ಸಾಕು," ಎಂದರು. ಅತ್ತೆ ಮಂಡಿಯ ಪುಡಿ ಬಿಟ್ಟು ಎಣ್ಣೆ ಹಚ್ಚಿಕೊಳ್ಳತೊಡಗಿದರು, ಬದನೆಕಾಯಿಯ ವಿಷಯ ಎತ್ತಲಿಲ್ಲ. ನನಗೆ ಅಷ್ಟು ಸಾಲದು ಅನ್ನಿಸಿತು.

ನಾಲ್ಕು ತಿಂಗಳಾದ ಮೇಲೆ, ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಕೋಡಿಹಳ್ಳಿಗೆ ಹೋಗಿ ಜಗುಲಿಯ ಮೇಲೆ ಕೂತೆ. ಕೈಯಲ್ಲಿ ಮೂರು ಫೋಟೋ. ಒಂದು ಪುಡಿಗೆ ಮೊದಲಿನದು. ಇನ್ನೊಂದು ಪುಡಿಯ ಕಾಲದ್ದು, ನಾದಿನಿಯ ಮಗುವಿನ ನಾಮಕರಣದಲ್ಲಿ ತೆಗೆದದ್ದು, ಅದರಲ್ಲಿ ನನ್ನ ಕಣ್ಣು ಕೆನ್ನೆಯೊಳಗೆ ಹೂತುಹೋಗಿವೆ. ಮೂರನೆಯದು ಆಸ್ಪತ್ರೆಯ ಮಂಚದ ಮೇಲಿನದು. ಪಕ್ಕದಲ್ಲಿ ಕಾಯುತ್ತಿದ್ದವರಿಗೆ ಒಂದೊಂದಾಗಿ ತೋರಿಸಿದೆ. ಪಾಠ ಹೇಳುವುದು ನನಗೆ ಗೊತ್ತಿದ್ದ ಒಂದೇ ವಿದ್ಯೆ.

ಅಯ್ಯ ನನ್ನನ್ನು ಎಬ್ಬಿಸಿ ಕಳಿಸುವ ಹಾಗಿರಲಿಲ್ಲ. ಜಗುಲಿಗೆ ಬಂದು ಕೂತವರನ್ನು ಎಬ್ಬಿಸಿದರೆ ಕೈಗುಣ ಹೋಗುತ್ತದೆ ಎಂಬುದು ಅವನಪ್ಪನ ಕಾಲದಿಂದ ಅವರ ಮನೆಯ ನೇಮವಂತೆ, ಅದನ್ನು ಅವನೇ ಎಲ್ಲರಿಗೂ ಹೇಳಿಕೊಂಡು ಮೆರೆದಿದ್ದ. ಹಾಗಾಗಿ ಬಂದವರಿಗೆಲ್ಲ, "ಪಾಪ, ಪಥ್ಯ ಮುರಿದು ತಲೆಗೇರಿದೆ," ಎನ್ನುತ್ತಿದ್ದ. ಪಾರ್ವತಮ್ಮ ಪೊಟ್ಟಣ ಕಟ್ಟುತ್ತಾ ನನ್ನನ್ನು ನುಂಗುವ ಹಾಗೆ ನೋಡುತ್ತಿದ್ದಳು. ನಾನು ಬಿಡದೆ ಪ್ರತಿ ಶನಿವಾರ ಹೋದೆ.

ನನ್ನ ಮೊದಲ ಗೆಲುವು ಸೆಲ್ವಿ. ರಸೆಲ್ ಮಾರುಕಟ್ಟೆಯಿಂದ ಹೂ ತಂದು ಹಲಸೂರಿನಲ್ಲಿ ಕಟ್ಟಿ ಮಾರುವವಳು. ಅವಳ ಮಗಳು ಮಾಲಾ ನನ್ನ ಕ್ಲಾಸಿನಲ್ಲೇ ಓದುತ್ತಿದ್ದಳು. ಸೆಲ್ವಿ ಬೆರಳಿನ ಗಂಟು ನೋವಿಗೆ ಮೂರು ವರ್ಷದಿಂದ ಪುಡಿ ತೆಗೆದುಕೊಳ್ಳುತ್ತಿದ್ದಳು. ಫೋಟೋ ನೋಡಿ ಬೆಚ್ಚಿಬಿದ್ದಳು. ನಾನು ಅಯ್ಯನಿಗೆ ಕೇಳಿಸುವ ಹಾಗೆ ಗಟ್ಟಿಯಾಗಿ, "ಇದು ವಿಷ ಸೆಲ್ವಿ, ಬಿಸಾಕು," ಎಂದೆ. ಅವಳು ಎದ್ದು ನಿಂತು ಎಲ್ಲರ ಎದುರಿಗೆ ಸೆರಗಿನ ಗಂಟಿನಲ್ಲಿದ್ದ ಪೊಟ್ಟಣಗಳನ್ನು ಮೋರಿಗೆ ಎಸೆದಳು. ಅಯ್ಯನ ಮುಖ ನೋಡಬೇಕಿತ್ತು. ಮನೆಗೆ ನಾನು ಕುಣಿದುಕೊಂಡು ಬಂದೆ.

ಮುಂದಿನ ಗುರುವಾರದಿಂದ ಮಾಲಾ ಶಾಲೆಗೆ ಬರಲಿಲ್ಲ. ಶನಿವಾರ ಬಂದು ಬಾಗಿಲಲ್ಲಿ ನಿಂತಳು.

"ಮಿಸ್, ಅಮ್ಮ ದೊಡ್ಡಾಸ್ಪತ್ರೇಲಿದಾರೆ. ಬಿದ್ಬಿಟ್ರು. ಮಾತೇ ಆಡ್ತಿರ್ಲಿಲ್ಲ."

ಆಗಲೇ ನನಗೆ ಹೊಳೆದದ್ದು, ನಾನು ಅರ್ಧ ಪಾಠ ಹೇಳಿ ಬೆಲ್ಲು ಹೊಡೆದಿದ್ದೆ ಅಂತ. ಥಟ್ಟನೆ ನಿಲ್ಲಿಸಬಾರದು ಎಂಬುದು ಗೊತ್ತಿದ್ದವಳು ಅಲ್ಲಿ ನಾನೊಬ್ಬಳೇ. ಅಯ್ಯನ ಮುಖ ಕಪ್ಪಾಗುವುದನ್ನು ನೋಡುವ ಆತುರದಲ್ಲಿ ಅದನ್ನೇ ನುಂಗಿಬಿಟ್ಟಿದ್ದೆ. ಅವನ ಸೂತಕದ ನೇಮ ನನಗೆ ಮಾಡಿದ್ದನ್ನು ನನ್ನ ಸೇಡು ಸೆಲ್ವಿಗೆ ಮಾಡಿತ್ತು.

ನಾನು ಮಲಗಿದ್ದ ವಾರ್ಡಿನಲ್ಲೇ ಅವಳು ಮಲಗಿದ್ದಳು. ಕೈಗೆ ಡ್ರಿಪ್ಪು, ತುಟಿ ಒಣಗಿತ್ತು. ಡಾಕ್ಟರು ನನ್ನನ್ನು ನೋಡಿ ಏನೂ ಬಯ್ಯಲಿಲ್ಲ. "ನೀವಾ ಹೇಳಿದ್ದು?" ಎಂದು ಮಾತ್ರ ಕೇಳಿ ಮುಂದಿನ ಮಂಚಕ್ಕೆ ಹೋದರು. ಸೆಲ್ವಿ ನನ್ನ ಕೈ ಹಿಡಿದುಕೊಂಡಳು. "ಮಿಸ್ಸು ಹೇಳಿದ್ಮೇಲೆ ಸರೀನೇ ಇರುತ್ತೆ ಅಂತ ಹಾಕ್ಬಿಟ್ಟೆ ಮಿಸ್ಸು. ನಂದೇ ಮೈ ಸರಿಯಿಲ್ಲ." ಅವಳು ಬಯ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅಲ್ಲಿ ನಿಲ್ಲಲಾಗದೆ ಕಾರಿಡಾರಿನ ನಲ್ಲಿಯ ಹತ್ತಿರ ಹೋಗಿ ಅತ್ತುಬಿಟ್ಟೆ. ಎಂಟು ದಿನದ ಮೇಲೆ ಅವಳು ಮನೆಗೆ ಹೋದಳು.

ಜಗುಲಿಗೆ ಹೋಗುವುದನ್ನು ನಿಲ್ಲಿಸಲಿಲ್ಲ. ಡಾಕ್ಟರನ್ನು ಕೇಳಿ ಪಾಠ ಮಾತ್ರ ತಿದ್ದಿಕೊಂಡೆ, ಅವರು ಬುಧವಾರ ನೋಡುತ್ತೇನೆಂದು ಚೀಟಿಗಳನ್ನೂ ಬರೆದುಕೊಟ್ಟರು. "ಇವತ್ತಿನ ಪುಡಿ ತಗೊಳ್ಳಿ. ನಾಳೇದೂ ತಗೊಳ್ಳಿ, ಒಂದಿನಾನೂ ಬಿಡ್ಬೇಡಿ. ಬುಧವಾರ ಬೆಳಿಗ್ಗೆ ಎಂಟಕ್ಕೆ ಡಬ್ಬಿ ಸಮೇತ ದೊಡ್ಡಾಸ್ಪತ್ರೆಗೆ ಹೋಗಿ, ಈ ಚೀಟಿ ತೋರಿಸಿ. ನಿಲ್ಲಿಸೋದು ಹೇಗೆ ಅಂತ ಅವ್ರು ಹೇಳ್ತಾರೆ." ಒಳಗಿನಿಂದ ಅಯ್ಯ ನಗುತ್ತಿದ್ದ. "ಕೇಳುದ್ರಾ, ಮಿಸ್ಸೇ ತಗೊಳ್ಳಿ ಅಂತಿದಾರೆ!" ನನ್ನನ್ನು ಕೊಲ್ಲಲು ಹೋದವನ ಪುಡಿಯನ್ನು ನನ್ನ ಬಾಯಿಂದಲೇ ಶಿಫಾರಸು ಮಾಡಬೇಕಾಯಿತು. ಹಲ್ಲು ಕಚ್ಚಿಕೊಂಡು ಹೇಳಿದೆ. ಬುಧವಾರದ ಸಾಲು ಉದ್ದವಾಗುತ್ತಾ, ಶನಿವಾರದ ಜಗುಲಿ ತೆಳ್ಳಗಾಗುತ್ತಾ ಹೋಯಿತು.

ಇನ್ನೊಂದು ವಿಷಯವಿದೆ. ಬರೆಯದೆ ಬಿಡಬಹುದಿತ್ತು, ಆದರೆ ಬೇರೆಯವರ ಸುಳ್ಳನ್ನು ಇಷ್ಟು ಎತ್ತಿ ತೋರಿಸಿದ ಮೇಲೆ ನನ್ನದನ್ನು ಮುಚ್ಚಿಡುವುದು ಸರಿಯಲ್ಲ. ಪಾರ್ವತಮ್ಮನ ಮುಖವೂ ಗುಂಡಗಿತ್ತು. ಮೊದಲ ಶನಿವಾರವೇ ಕಂಡಿದ್ದೆ. ಮುಂಗೈ ತುಂಬ ನೀಲಿ ಕಲೆ, ಕತ್ತಿನ ಹಿಂದೆ ಮಾಂಸದ ಗುಡ್ಡೆ, ಏಳುವಾಗ ಕಂಬ ಬೇಕು. ಗಂಡ ಅವಳ ಮಂಡಿಗೂ ಅದನ್ನೇ ಕೊಡುತ್ತಿದ್ದ. ಜಗುಲಿಗೆ ಬಂದ ಪ್ರತಿಯೊಬ್ಬರಿಗೂ ಹೇಳಿದೆ, ನಿನಗೂ ಇದೇ ಆಗಿದೆ ಎಂದು ಅವಳಿಗೆ ಮಾತ್ರ ಹೇಳಲಿಲ್ಲ. ಬದನೆಕಾಯಿ ಅಂದವಳು ಅವಳು. ಅನುಭವಿಸಲಿ ಅಂದುಕೊಂಡೆ. ಹಾಗೆ ಅಂದುಕೊಂಡು ಹತ್ತು ತಿಂಗಳು ಅವಳ ಎದುರಿಗೇ ಕೂತಿದ್ದೆ.

ಒಂದು ಶನಿವಾರ ಹೋದಾಗ ಜಗುಲಿ ಖಾಲಿಯಿತ್ತು. ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಬುಧವಾರ ಅಯ್ಯನ ಅಣ್ಣ ತೀರಿಕೊಂಡಿದ್ದ. ಸೂತಕದ ಮನೆ, ಒಳಗೆಲ್ಲ ದಾಯಾದಿಗಳು. ಪಾರ್ವತಮ್ಮ ಕಂಬಕ್ಕೆ ಒರಗಿ ಒಬ್ಬಳೇ ಜಗುಲಿಯ ಮೇಲೆ ಕೂತಿದ್ದಳು. ತುಟಿ ಬಿಳಚಿಕೊಂಡಿತ್ತು. ಪಕ್ಕದಲ್ಲಿ ವಾಂತಿಗೆ ಇಟ್ಟುಕೊಂಡ ಬೋಗುಣಿ.

ನನಗೆ ಲೆಕ್ಕ ಹಾಕಲು ಬೆರಳು ಬೇಕಾಗಲಿಲ್ಲ. ಪುಡಿಯ ಡಬ್ಬಿಗಳು ಪಕ್ಕದ ಮನೆಯಲ್ಲಿ ಇರುತ್ತವೆ. ಇವಳಿಗೆ ಇದು ನಾಲ್ಕನೆಯ ದಿನ. ನಾನು ಬಿದ್ದದ್ದು ಐದನೆಯ ದಿನ.

ಅವಳು ಕಣ್ಣು ತೆರೆದು ನನ್ನನ್ನು ನೋಡಿದಳು. "ಎಲ್ಲಾರ್ಗೂ ಹೇಳ್ತೀರ. ನಂಗೊಂದಿನಾನೂ ಹೇಳ್ಲಿಲ್ಲ ನೀವು," ಎಂದಳು.

ಅಷ್ಟರಲ್ಲಿ ತಲೆಯ ಮೇಲೆ ವಿಮಾನ ಬಂತು. ವಿಮಾನ ನಿಲ್ದಾಣದ ಪಕ್ಕದ ನಮ್ಮ ಕಡೆಯವರು ವಿಮಾನ ದಾಟುವ ತನಕ ಮಾತು ನಿಲ್ಲಿಸಿ ಕಾಯುತ್ತಾರೆ, ಅದು ಹುಟ್ಟಿನಿಂದ ಬಂದ ಅಭ್ಯಾಸ. ಎದ್ದು ಮನೆಗೆ ಹೋಗಿಬಿಡಬಹುದಿತ್ತು. ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಹೋಗಬೇಕು ಅಂತ ಮನಸ್ಸೂ ಆಯಿತು. ಆಮೇಲೆ ಸೆಲ್ವಿಯ ಒಣಗಿದ ತುಟಿ ನೆನಪಿಗೆ ಬಂತು.

ವಿಮಾನದ ಸದ್ದು ಅಡಗಿದ ಮೇಲೆ ಪಕ್ಕದ ಮನೆಗೆ ಹೋಗಿ ಡಬ್ಬಿ ಕೇಳಿದೆ. ಅವರು ಕೊಡಲು ಹಿಂದೆಮುಂದೆ ನೋಡಿದರು, ಕಿತ್ತುಕೊಂಡು ಬಂದೆ. ಜಗುಲಿಯ ಮೇಲೆ ಒಂದು ಪೊಟ್ಟಣ ಬಿಚ್ಚಿದೆ. ಪಾರ್ವತಮ್ಮ ಬಾಯಿ ಬಿಗಿಹಿಡಿದು ತಲೆಯಾಡಿಸಿದಳು. "ಸೂತಕ. ವಿಷ ಆಗುತ್ತೆ," ಎಂದಳು. ಅದನ್ನು ಎಲ್ಲರಿಗಿಂತ ಹೆಚ್ಚು ನಂಬಿದ್ದವಳು ಅವಳೇ.

ಗಲಾಟೆ ಕೇಳಿ ಅಯ್ಯ ಹೊರಗೆ ಬಂದ. ಅವನ ಹಿಂದೆ ದಾಯಾದಿಗಳೆಲ್ಲ ಬಂದರು. ಅವರಲ್ಲಿ ಅರ್ಧ ಜನ ಅವನ ಪುಡಿ ತಿನ್ನುವವರು. ಇಂಥ ಗಳಿಗೆಗೆ ನಾನು ಒಂದು ವರ್ಷ ಕಾದಿದ್ದೆ.

"ಅಯ್ಯನೋರೇ," ಎಂದೆ, ಕ್ಲಾಸಿನ ಕೊನೆಯ ಬೆಂಚಿಗೆ ಕೇಳಿಸುವ ದನಿಯಲ್ಲಿ. "ನಿಮ್ಮೆಂಡ್ತಿ ಇದನ್ನ ಈಗ ತಗೊಂಡ್ರೆ ಉಳೀತಾರೆ, ಬಿಟ್ರೆ ನಾಳೆ ನನ್ನ ಥರ ಬೀಳ್ತಾರೆ. ಸೂತಕದಲ್ಲಿ ತಗೋಬೋದಾ, ಬಾರ್ದಾ? ನೀವೇ ಹೇಳಿ. ನೀವು ಹೇಳಿದ್ರೆ ಮಾತ್ರ ಅವ್ರು ಬಾಯಿ ತೆಗೀತಾರೆ."

ಅವನು ಹೆಂಡತಿಯ ಮುಖ ನೋಡಿದ. ಹಿಂದೆ ತಿರುಗಿ ಅಣ್ಣನ ಮಕ್ಕಳ ಮುಖ ನೋಡಿದ. ಹೆಗಲ ಮೇಲಿನ ಟವಲಿನಿಂದ ಹಣೆ ಒರೆಸಿಕೊಂಡ. ಪುಡಿಯಲ್ಲಿ ಏನಿದೆ ಅಂತ ಅವನಿಗೆ ಗೊತ್ತಿತ್ತೋ ಇಲ್ಲವೋ, ಯಾರೋ ಡಬ್ಬದಲ್ಲಿ ತಂದುಕೊಟ್ಟದ್ದನ್ನು ಹಂಚುತ್ತಿದ್ದನೋ ಏನೋ, ನನಗೆ ಇವತ್ತಿಗೂ ತಿಳಿಯದು. ಸೂತಕದ ಮಾತು ಬರೀ ಬೂಟಾಟಿಕೆ ಅನ್ನುವುದು ಮಾತ್ರ ಅವನಿಗೆ ಗೊತ್ತಿತ್ತು. ಅದು ಆಗ ಅವನ ಮುಖದಲ್ಲೇ ಕಂಡಿತು.

"ತಗೋ ಪಾರ್ವತಿ," ಎಂದ.

"ಸೂತಕ ಅಲ್ವಾ?"

"ಏನೂ ಆಗಲ್ಲ. ತಗೋ."

ಎಲ್ಲರೂ ಕೇಳಿಸಿಕೊಂಡರು. ಪಾರ್ವತಮ್ಮ ಬಾಯಿ ತೆರೆದಳು, ನಾನು ಪುಡಿ ಹಾಕಿದೆ. ಒಬ್ಬ ಮುದುಕಿ, "ಮತ್ತೆ ನಮ್ಗೆಲ್ಲಾ ಹನ್ನೊಂದು ದಿನ ಯಾಕೆ ಬಿಡಿಸ್ದೆ?" ಎಂದು ಕೇಳಿಯೇಬಿಟ್ಟಳು. ನಾನು ಆಟೋ ಕರೆದೆ. ಪುಡಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಪಾರ್ವತಮ್ಮನನ್ನು ಹೆಗಲಿಗೆ ಒರಗಿಸಿಕೊಂಡು ದೊಡ್ಡಾಸ್ಪತ್ರೆಗೆ ಹೋದೆ.

ಆಮೇಲೆ ಆ ಜಗುಲಿಗೆ ಜನ ಹೋಗುವುದು ನಿಂತುಹೋಯಿತು. ಪಾರ್ವತಮ್ಮ ಮತ್ತೆ ಬಾಗಿಲ ಪಕ್ಕ ಕೂರಲಿಲ್ಲ, ಹೋದ ಒಬ್ಬಿಬ್ಬರಿಗೂ ಪೊಟ್ಟಣ ಕಟ್ಟಿಕೊಡುವವರು ಇರಲಿಲ್ಲ. ಅಯ್ಯನಿಗೆ ಪೇಪರು ಮಡಿಸಲೂ ಬರುತ್ತಿರಲಿಲ್ಲವಂತೆ, ಕೈಯಿಂದ ಕೈಗೆ ಸುರಿದುಕೊಡುತ್ತಿದ್ದನಂತೆ. ಯುಗಾದಿಯ ಹೊತ್ತಿಗೆ ಬಾಗಿಲು ಹಾಕಿದ. ಅವನ ಹೆಸರು ಕೇಳಿದರೆ ನನಗೆ ಈಗಲೂ ರಕ್ತ ಕುದಿಯುತ್ತದೆ. ನನ್ನ ಗ್ರಂಥಿಗಳು ಒಂದೂವರೆ ವರ್ಷಕ್ಕೆ ಎಚ್ಚರಗೊಂಡವು, ಮಾತ್ರೆ ನಿಂತಿತು, ಉಬ್ಬಸಕ್ಕೆ ಈಗ ಬಾಯಿಗೆ ಹಿಡಿದು ಎಳೆದುಕೊಳ್ಳುವ ಪಂಪು ಇದೆ. ಕುಸಿದ ಮೂಳೆ ಹಾಗೇ ಇದೆ. ಬೋರ್ಡಿನ ಮೇಲಿನ ಸಾಲಿಗೆ ನನ್ನ ಕೈ ಮತ್ತೆ ಎಟುಕಲೇ ಇಲ್ಲ.

ಪಾರ್ವತಮ್ಮನನ್ನು ಸೇರಿಸಿದ ಮಾರನೆಯ ದಿನ ವಾರ್ಡಿಗೆ ಹೋದೆ. ಕಿತ್ತಳೆ ಹಣ್ಣು ತೆಗೆದುಕೊಂಡಿದ್ದೆ, ಫ್ಲಾಸ್ಕಿನಲ್ಲಿ ರಾಗಿ ಗಂಜಿ. ಅವಳು ಡ್ರಿಪ್ಪಿನ ಕೈಯನ್ನು ಎದೆಯ ಮೇಲಿಟ್ಟುಕೊಂಡು ಸೂರು ನೋಡುತ್ತಾ ಮಲಗಿದ್ದಳು. ಹಣ್ಣನ್ನು ಅವಳ ಕೈಗಿಟ್ಟು, ಸ್ಟೂಲು ಎಳೆದುಕೊಂಡು ಕೂತು, ದನಿ ತಗ್ಗಿಸಿ ಕೇಳಿದೆ:

"ಬದ್ನೇಕಾಯಿ ತಿಂದ್ರಾ?"

ಅವಳು ನಗಲಿಲ್ಲ. ನಾನೂ ನಗಿಸಲೆಂದು ಕೇಳಿರಲಿಲ್ಲ. ಅವಳು ಮುಖ ತಿರುಗಿಸದೆ ಆ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವ ತನಕ ಕಾದೆ. ಗಂಜಿಯನ್ನು ಲೋಟಕ್ಕೆ ಬಗ್ಗಿಸಿ, ಆರಿಸಿ ಕೊಟ್ಟದ್ದು ಆಮೇಲೆ.